ಒಂದು ಚೈನಿಗೆ ಎರಡು ಕೈ

ಶನಿವಾರ, ಮಾರ್ಚ್ ೧೪

ಚೂಟಿಗೆ,

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ, ಕ್ಷೇಮ ಸಮಾಚಾರ ಆಮೇಲೆ. ಈ ಸೈಕಲ್ಲಿನ ವ್ಯವಹಾರಕ್ಕೆ ಇದುವರೆಗೆ ತಗುಲಿದ್ದು ಇಷ್ಟು: ಹೊಸ ಚೈನು ಒಂದು. ಹಿಂದಿನ ಹಲ್ಲುಚಕ್ರ ಒಂದು. ಬೆಳಗಿನಿಂದ ಸಂಜೆಯವರೆಗಿನ ಶನಿವಾರಗಳು ಮೂರು. ನನ್ನ ಮಗಳ ಬಲಗಡೆಯ ಕೊರಳೆಲುಬು. ತಂಡದಲ್ಲಿ ಅವಳಿಗೆ ಸಿಗಬೇಕಾಗಿದ್ದ ಜಾಗ. ನಿನ್ನ ವರ್ಕ್‌ಶಾಪಿನ ಬೀಗದ ಕೈ. ಅಕ್ಕತಂಗಿಯರ ನಡುವಿನ ಮಾತು, ಐದು ವಾರದ್ದು. ದುಡ್ಡಿನ ಬಾಬತ್ತು ಬರೆದಿಲ್ಲ, ಇದರಲ್ಲೆಲ್ಲ ಅಗ್ಗವಾದದ್ದು ಅದೇ.

ನಿನ್ನ ಪತ್ರ ಬಂದದ್ದು ಫೆಬ್ರವರಿ ಹನ್ನೆರಡಕ್ಕೆ. ಉತ್ತರ ಇಷ್ಟು ತಡವಾದದ್ದಕ್ಕೆ ಕಾರಣ ಬೇಕಾದರೆ ನನ್ನ ಹತ್ತಿರ ಬೇಕಾದಷ್ಟಿವೆ. ಆಸ್ಪತ್ರೆಗೆ ಓಡಾಟ, ಅಂಗಡಿಯಲ್ಲಿ ಒಬ್ಬಳೇ, ಬುಗುರಿಗೆ ಕೈ ಮೇಲೆತ್ತಲು ಬಾರದ್ದರಿಂದ ದಿನಾ ತಲೆ ಬಾಚುವುದು. ಎಲ್ಲ ನಿಜ, ಯಾವುದೂ ಕಾರಣವಲ್ಲ. ಏನು ಬರೆಯಬೇಕು ಎಂದು ಗೊತ್ತಿತ್ತು, ಅದಕ್ಕೇ ತಡವಾಯಿತು. ನೀನು ಫೋನು ಎತ್ತುವುದಿಲ್ಲ. ಎತ್ತದಿದ್ದದ್ದು ಒಳ್ಳೆಯದೇ ಆಯಿತು. ಫೋನಿನಲ್ಲಿ ನಾನು ಎಂಥ ಮಾತುಗಾರ್ತಿ ಎಂದು ನಿನಗೆ ಗೊತ್ತು, ಮೂರು ನಿಮಿಷದಲ್ಲಿ ತಪ್ಪನ್ನು ಹವಾಮಾನದ ಮೇಲೆ ಹಾಕಿಬಿಡುತ್ತಿದ್ದೆ. ಕಾಗದದ ಮೇಲೆ ಅಷ್ಟು ಸಲೀಸಲ್ಲ.

ಬುಗುರಿ ಚೆನ್ನಾಗಿದ್ದಾಳೆ. ಹೋದ ಬುಧವಾರ ಕೈಗೆ ಕಟ್ಟಿದ್ದ ಜೋಲಿ ಬಿಚ್ಚಿದರು. ಮೂಳೆ ಕೂಡಿದೆ, ಆದರೆ ಎರಡು ತುದಿ ಎದುರುಬದುರು ಸರಿಯಾಗಿ ಕೂತಿಲ್ಲ, ಎರಡು ಮಿಲಿಮೀಟರ್ ಆಚೆ ಈಚೆ ಆಗಿದೆ ಎಂದು ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. "ಎರಡು ಮಿಲಿಮೀಟರ್ ಏನೂ ಅಲ್ಲಮ್ಮ, ತಲೆ ಕೆಡಿಸ್ಕೋಬೇಡಿ" ಎಂದರು. ನಾನು ಹೂಂ ಎಂದೆ. ಪಾಪ, ಅವರು ಮೂಳೆಯ ಡಾಕ್ಟರು. ಎರಡು ಮಿಲಿಮೀಟರ್ ಅಂದರೆ ಎಷ್ಟು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು.

ನಿನ್ನ ಭಾವ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಹಿಡಿದಿದ್ದಾರೆ, ಮಧ್ಯಾಹ್ನ ಮಗಳ ಜೊತೆ ಕೂರಲಿಕ್ಕೆ. ಆಸ್ಪತ್ರೆಯಲ್ಲಿ ಮೊದಲ ದಿನ ಅವರು ಕೇಳಿದ ಪ್ರಶ್ನೆ ಹೇಳಿದರೆ ನೀನು ನಗುತ್ತೀಯ. "ಬೀಳೋಕ್ ಮುಂಚೆ ಅವಳು ಬ್ರೇಕ್ ಹಿಡೀಬಾರ್ದಿತ್ತಾ?" ಸೈಕಲ್ ಅಂಗಡಿಯವಳನ್ನು ಕಟ್ಟಿಕೊಂಡು ಇಪ್ಪತ್ತು ವರ್ಷವಾಗಿದೆ ಈ ಮನುಷ್ಯನಿಗೆ. "ಅದಕ್ಕೆ ಬ್ರೇಕೇ ಇಲ್ಲ ರೀ," ಎಂದೆ. "ಫ್ರೀವೀಲೂ ಇಲ್ಲ. ಹಿಂದಿನ ಚಕ್ರ ತಿರುಗೋವರೆಗೂ ಪೆಡಲ್ ತಿರುಗ್ತಾನೇ ಇರ್ಬೇಕು. ಕಾಲು ಬಿಗಿ ಹಿಡಿದ್ರೆ ಗಾಡಿ ನಿಧಾನ ಆಗುತ್ತೆ. ಅದರ ಬ್ರೇಕು, ಎಂಜಿನ್ನು ಎಲ್ಲಾ ಆ ಒಂದು ಚೈನೇ." "ಚೈನ್ ಬಿದ್ರೆ?" "ಬಿದ್ರೆ ಹೀಗೆ" ಎಂದು ಮಂಚದ ಕಡೆ ಕೈ ತೋರಿಸಿದೆ. ಅವರು "ನಮ್ಮನೇಲಿ ಹೆಂಗಸರೆಲ್ಲ ಆ ಜಾತಿ ಸೈಕಲ್ಲೇ ಅಲ್ವಾ" ಎಂದರು. ಮಲಗಿದ್ದ ಬುಗುರಿಗೆ ನಗು ಬಂದು, ನಕ್ಕಾಗ ಮೂಳೆ ನೋವಾಗಿ, ನರ್ಸು ಬಂದು ಮೂವರಿಗೂ ಬೈದಳು.

ಇನ್ನು ನಿನ್ನ ಪತ್ರದ ವಿಷಯ. ಅದನ್ನು ಬಿಲ್ ಪುಸ್ತಕದೊಳಗೆ ಇಟ್ಟುಕೊಂಡಿದ್ದೇನೆ. ಬಿಲ್ ಬರೆಯಲು ತೆರೆದಾಗಲೆಲ್ಲ ನಿನ್ನ ಅಕ್ಷರ ಕಾಣುತ್ತದೆ. "ಅಕ್ಕಾ, ನಾನು ಕಡೆದ ಹಿತ್ತಾಳೆ ಉಂಗುರದಿಂದಲೇ ಚೈನು ಬಿತ್ತು. ನೀನು ಕಲಿಸಿದ ಕೈ ನಿನ್ನ ಮಗಳನ್ನೇ ಬೀಳಿಸಿತು. ಇನ್ನು ನಾನು ಸ್ಪ್ಯಾನರ್ ಮುಟ್ಟುವುದಿಲ್ಲ." ಅಷ್ಟೇ ಬರೆದಿದ್ದೀಯ. ಈಗ ಔಷಧದ ಅಂಗಡಿಯಲ್ಲಿ ಚೀಟಿ ನೋಡಿ ಡಬ್ಬಿ ಎತ್ತಿಕೊಡುವ ಕೆಲಸವಂತೆ. ನಮ್ಮ ಪಕ್ಕದ ಟೈಲರ್ ನಿಮ್ಮೂರಿಗೆ ಬಂದಿದ್ದಾಗ ನೋಡಿದನಂತೆ, ಬಂದು ಹೇಳಿದ: "ನಿಮ್ಮ ತಂಗಿ ಬಿಳಿ ಕೋಟು ಹಾಕ್ಕೊಂಡಿದ್ರು. ಕೈ ಎಷ್ಟು ಕ್ಲೀನಾಗಿತ್ತು ಅಂತೀರಿ." ಅವನು ಹೊಗಳಿಕೆಯ ಮಾತು ಎಂದುಕೊಂಡೇ ಹೇಳಿದ. ಇಪ್ಪತ್ತೈದು ವರ್ಷದಲ್ಲಿ ನಿನ್ನ ಉಗುರಿನ ಸಂದಿನಲ್ಲಿ ಗ್ರೀಸ್ ಇಲ್ಲದ ದಿನವನ್ನು ನಾನು ಕಂಡಿಲ್ಲ. ನಿನ್ನ ಮದುವೆಯ ದಿನ ಕೂಡ ಇತ್ತು.

ಆ ಮಾತನ್ನು ನೀನು ವಾಪಸು ತೆಗೆದುಕೊಳ್ಳಬೇಕು. ಈ ಪತ್ರ ಅದಕ್ಕೇ. ಆದರೆ ನಾನು ನೇರ ವಿಷಯಕ್ಕೆ ಬರುವವಳಲ್ಲವಲ್ಲ. ಪಂಕ್ಚರ್ ಹಾಕಿಸಲು ಬಂದವರ ಸೈಕಲ್ಲಿನ ಬೆಲ್ಲನ್ನು ಮೊದಲು ಬಾರಿಸಿ ನೋಡುವವಳು.

ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು, ಚೂಟಿ. ಬರೆದುಬಿಟ್ಟೆ ನೋಡು, ಇನ್ನು ಅಳಿಸುವುದಿಲ್ಲ. ಇದು ಇವತ್ತು ನಿನ್ನೆಯದಲ್ಲ. ಕಳೆದ ಜೂನ್‌ನಲ್ಲಿ, ಸೈಕಲ್ ರೇಸಿನ ಟ್ರ್ಯಾಕ್ ಇರುವುದು ನಿಮ್ಮೂರಲ್ಲಿ ಎಂದು ಬುಗುರಿಯನ್ನು ನಿನ್ನ ಮನೆಯಲ್ಲಿ ಬಿಟ್ಟು ಬಂದೆನಲ್ಲ, ಆವತ್ತು ನೀನು ನಿನ್ನ ಮುಂದಿನ ಕೋಣೆಯ ಕಿಟಕಿ ಪಕ್ಕ ಅವಳಿಗೆ ಮಂಚ ಹಾಕಿದ್ದೆ. ಹಾಸಿಗೆಗೆ ಹೊಸ ಹೊದಿಕೆ. ಅವಳು ನೋಡಿದವಳೇ ಚೀಲ ಬಿಸಾಡಿ ಅದರ ಮೇಲೆ ಬಿದ್ದುಕೊಂಡಳು. ಹದಿನೇಳು ವರ್ಷ ನನ್ನ ಮನೆಯಲ್ಲಿ ಮಲಗಿದವಳು, ಒಂದು ನಿಮಿಷಕ್ಕೆ ಅಲ್ಲಿಯವಳಾದಳು. ವಾಪಸು ಬರುವಾಗ ರೈಲಿನಲ್ಲಿ ನಿನ್ನ ಭಾವ "ಒಳ್ಳೇದಾಯ್ತಲ್ಲ" ಎಂದರು. "ಒಳ್ಳೇದಾಯ್ತು" ಎಂದೆ.

ಜೂನ್‌ನಲ್ಲಿ ನಾಲ್ಕು ಶುಕ್ರವಾರವೂ ಮನೆಗೆ ಬಂದಳು. ಆಗಸ್ಟ್‌ನಲ್ಲಿ ಎರಡು. ಅಕ್ಟೋಬರಿನಿಂದ ಒಂದೊಂದು. ಡಿಸೆಂಬರಿನಲ್ಲಿ ಬಂದವಳು ಶನಿವಾರ ಮಧ್ಯಾಹ್ನವೇ ಹೊರಟಳು. ಬಂದಾಗ ಅವಳ ಟವೆಲ್ಲಿನಲ್ಲಿ ನಿನ್ನ ಸೋಪಿನ ವಾಸನೆ. ಮೊಟ್ಟೆಯ ಸಿಪ್ಪೆಯನ್ನು ನೀನು ಬಿಡಿಸುವ ಹಾಗೆ, ತಟ್ಟೆಯ ಅಂಚಿಗೆ ಉರುಳಿಸಿ ಬಿಡಿಸುತ್ತಾಳೆ. ಬಾಯಿ ತೆರೆದರೆ ಚಿಕ್ಕಮ್ಮ. ಚಿಕ್ಕಮ್ಮ ಹೀಗಂದಳು, ಚಿಕ್ಕಮ್ಮ ಹಾಗೆ ಮಾಡುತ್ತಾಳೆ, ಚಿಕ್ಕಮ್ಮನಿಗೆ ಈ ಬಣ್ಣ ಸೇರುವುದಿಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ ನನ್ನ ಏಪ್ರನ್ ಜೇಬಿನಲ್ಲಿ ಬೇರಿಂಗ್ ಗುಂಡುಗಳಿದ್ದವು. ಅವಳು ನಿನ್ನ ಹೆಸರೆತ್ತಿದಾಗಲೆಲ್ಲ ಮೇಜಿನ ಕೆಳಗೆ ಒಂದು ಗುಂಡನ್ನು ಎಡಗಡೆ ಜೇಬಿನಿಂದ ಬಲಗಡೆ ಜೇಬಿಗೆ ಹಾಕಿದೆ. ಊಟ ಮುಗಿಯುವ ಹೊತ್ತಿಗೆ ಬಲಗಡೆ ಹತ್ತೊಂಬತ್ತು. "ಅಮ್ಮ" ಎಂದದ್ದು ನಾಲ್ಕು ಸಲ, ಅದರಲ್ಲಿ ಎರಡು ಉಪ್ಪು ಕೇಳಲಿಕ್ಕೆ.

ಹೊಟ್ಟೆ ಉರಿಯುವುದು ಇದಕ್ಕಷ್ಟೇ ಅಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಪಂಪು ಹಿಡಿದು ರಸ್ತೆಯ ಗೋಡೆಗೆ ಬೆನ್ನು ಕೊಟ್ಟು ಕೂತವಳು ನಾನು. ಯಾರೂ ಕಲಿಸಲಿಲ್ಲ, ಹಾಳು ಮಾಡಿ ಮಾಡಿ ಕಲಿತೆ. ನೀನು ಎಂಟು ವರ್ಷದವಳು, ಫ್ರಾಕಿನ ಮಡಿಲಲ್ಲಿ ನಟ್ಟು ತುಂಬಿಕೊಂಡು ನನ್ನ ಪಕ್ಕ ಕೂರುತ್ತಿದ್ದೆ. ನಿನ್ನ ಬೆರಳಿನ ಮೇಲೆ ನನ್ನ ಬೆರಳಿಟ್ಟು ಸ್ಪ್ಯಾನರ್ ತಿರುಗಿಸುವುದನ್ನು ಕಲಿಸಿದೆ. ಆಮೇಲೆ ನೀನು ಲೋಹ ಕಡೆಯುವ ಲೇತ್ ಕಲಿತೆ, ಅಳತೆ ಕಲಿತೆ, ಟ್ರ್ಯಾಕಿನ ವರ್ಕ್‌ಶಾಪಿಗೆ ಹೋದೆ. ನಾನು ಇಲ್ಲೇ, ಕಿವಿ ಮತ್ತು ಕಣ್ಣು ನಂಬಿಕೊಂಡು. ನನ್ನ ಕೈಯಿಂದ ಹೊರಟದ್ದು ನನಗಿಂತ ಮುಂದೆ ಹೋಯಿತು. ಸಂತೋಷವೇ. ಆದರೆ ಅದು ಹಿಂದಿರುಗಿ ಬಂದು ನನ್ನ ಮಗಳನ್ನೂ ಹತ್ತಿಸಿಕೊಂಡು ಹೋದಾಗ ಸಂತೋಷಕ್ಕೆ ಸ್ವಲ್ಪ ತ್ರಾಸಾಯಿತು.

ಜನವರಿಯಲ್ಲಿ ಅವಳು ಆ ಹಳೆಯ ರೇಸ್ ಸೈಕಲ್ ಕೊಂಡಳಲ್ಲ, ಅದು ಬಂದ ದಿನದಿಂದ ಸದ್ದು. ಹಲ್ಲು ಕಡಿಯುತ್ತಾ ನಿದ್ದೆ ಮಾಡುವವರ ಹಾಗೆ, ಕರ್, ಕರ್, ತುಳಿದಷ್ಟು ಹೊತ್ತೂ. ನಿನಗೆ ಆಗ ತಂಡದ ನಲವತ್ತು ಸೈಕಲ್ಲಿನ ಕೆಲಸ. "ನಿಮ್ಮಮ್ಮನ ಕಿವಿಗೆ ಕೇಳಿಸು, ಅಂಥ ಕಿವಿ ನಂಗಿಲ್ಲ" ಎಂದು ನೀನೇ ಕಳಿಸಿದೆಯಂತೆ. ಅದನ್ನು ಬುಗುರಿ ಹೇಳಿದಾಗ ನಾನು ಎರಡಂಗುಲ ಉಬ್ಬಿದೆ. ಸುಳ್ಳು ಯಾಕೆ ಹೇಳಲಿ.

ಮೊದಲನೆಯ ಶನಿವಾರ ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ತೊಂಬತ್ತಾರು ಕೊಂಡಿಗೂ ಒಂದೊಂದೇ ಹನಿ ಎಣ್ಣೆ ಬಿಟ್ಟೆ. ಸದ್ದು ಹೋಗಲಿಲ್ಲ. ಎರಡನೆಯ ಶನಿವಾರ ಪೆಡಲನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ಚೈನು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಮುಂದಿನ ದೊಡ್ಡ ಹಲ್ಲುಚಕ್ರದ ಐದು ಬೋಲ್ಟು ಸಡಿಲಿಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನಡುವಿಗೆ ಕೂರಿಸಿದೆ. ಬಿಗಿ ಸಡಿಲ ಸಮವಾಯಿತು. ಸದ್ದು ಹೋಗಲಿಲ್ಲ. ಮೂರನೆಯ ಶನಿವಾರ ಚೈನೇ ಬದಲಾಯಿಸಿದೆ, ಹಿಂದಿನ ಸಣ್ಣ ಹಲ್ಲುಚಕ್ರವನ್ನೂ ಬದಲಾಯಿಸಿದೆ. ಸದ್ದು ಹಾಗೇ. ಸ್ಟೂಲಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದ ಬುಗುರಿ, "ಅಮ್ಮ, ನಿಂಗೂ ವಯಸ್ಸಾಯ್ತು" ಎಂದಳು. ಕಣ್ಣು ಹಳೆಯದಾಗಿದೆ ಎಂದು ನಾನೂ ಒಪ್ಪಿಕೊಂಡೆ.

ನಾಲ್ಕನೆಯ ಶುಕ್ರವಾರ, ಫೆಬ್ರವರಿ ಆರು, ಬಾಗಿಲಲ್ಲಿ ಸೈಕಲ್ ನಿಲ್ಲಿಸಿದ್ದು ನನಗೆ ಗೊತ್ತೇ ಆಗಲಿಲ್ಲ.

"ಕೇಳಿಸ್ತಾ?" ಎಂದಳು.

"ಏನು?"

"ಅದೇ. ಏನೂ ಇಲ್ಲ. ಬೆಕ್ಕಿನ ಥರ ಓಡ್ತಿದೆ. ಚಿಕ್ಕಮ್ಮ ಬುಧವಾರ ನೋಡಿದ್ಲು. ಒಂದು ದಾರ ಹಿಡಿದ್ಲು ಮುಂದಿನ ಹಲ್ಲುಚಕ್ರದಿಂದ ಹಿಂದಿನದಕ್ಕೆ. ಒಂದು ಕಣ್ಣು ಮುಚ್ಚಿದ್ಲು. 'ಓ' ಅಂದ್ಲು. ಅಷ್ಟೇ."

"ನಿಮ್ಮಮ್ಮ ಮೂರು ವಾರ ಎರಡು ಕಣ್ಣೂ ಬಿಟ್ಟುಕೊಂಡು ನೋಡಿದ್ಲಲ್ಲ" ಎಂದರು ನಿನ್ನ ಭಾವ ಒಳಗಿನಿಂದ.

ಮುಂದಿನ ಹಲ್ಲುಚಕ್ರವೂ ಹಿಂದಿನದೂ ಒಂದೇ ಸಾಲಿನಲ್ಲಿ ನಿಲ್ಲಬೇಕು, ಚೈನು ದಾರ ಎಳೆದ ಹಾಗೆ ನೇರ ಓಡಬೇಕು. ಗೇರಿನ ಸೈಕಲ್ಲಿನಲ್ಲಿ ಸ್ವಲ್ಪ ಓರೆಯಾದರೂ ನಡೆಯುತ್ತದೆ, ಇದರಲ್ಲಿ ನಡೆಯುವುದಿಲ್ಲ. ಮುಂದಿನದು ಎರಡು ಮಿಲಿಮೀಟರ್ ಹೊರಗಿದೆ ಎಂದು ನೀನು ಕಂಡುಹಿಡಿದೆ. ಹಿತ್ತಾಳೆಯಲ್ಲಿ ಎರಡು ಮಿಲಿಮೀಟರ್ ದಪ್ಪದ ಉಂಗುರ ಕಡೆದು ಹಿಂದಿನ ಹಲ್ಲುಚಕ್ರದ ಬೆನ್ನಿಗೆ ಕೊಟ್ಟು ಅದನ್ನೂ ಅಷ್ಟೇ ಹೊರಗೆ ತಂದೆ. ಸಾಲು ಸರಿಹೋಯಿತು.

ಮರುದಿನ ನಾನು ಏನು ಮಾಡಿದೆ ಎಂದು ಕೇಳು. ಅವಳು ಸ್ನಾನಕ್ಕೆ ಹೋಗಿದ್ದಾಗ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿದೆ. ಮುಂದಿನ ಹಲ್ಲುಚಕ್ರದ ಹಿಂದೆ, ಐದು ಬೋಲ್ಟಿಗೆ ಐದು ವಾಷರ್ ಕಂಡವು. ಹಳೆಯ ಮಾಲೀಕ ಹಾಕಿದ್ದು. ಒಂದೊಂದೂ ಎರಡು ಮಿಲಿಮೀಟರ್. ಓ, ಇದೇ ಕಾರಣ ಎಂದುಕೊಂಡು ತೆಗೆದುಬಿಟ್ಟೆ. ಮುಂದಿನದು ಎರಡು ಮಿಲಿಮೀಟರ್ ಒಳಗೆ ಬಂತು. ಹಿಂದೆ ನಿನ್ನ ಉಂಗುರ ಇರುವುದನ್ನು ನೋಡಲಿಲ್ಲ. ಚಕ್ರದ ನಡುವೆ ಎಣ್ಣೆ ಧೂಳು ಮೆತ್ತಿಕೊಂಡಿತ್ತು. ನೀನು ಹಿಂದಿನಿಂದ ಸರಿಮಾಡಿದ್ದನ್ನೇ ನಾನು ಮುಂದಿನಿಂದ ಇನ್ನೊಂದು ಸಲ ಸರಿಮಾಡಿದೆ. ಚೈನು ಮತ್ತೆ ಓರೆ, ಈ ಸಲ ಇನ್ನೊಂದು ಕಡೆಗೆ.

ತಂಡದ ಆಯ್ಕೆ ಇರಬೇಕಾಗಿದ್ದದ್ದು ಇಪ್ಪತ್ತೆರಡನೆಯ ತಾರೀಕು. ಎಂಟನೆಯ ತಾರೀಕು ಭಾನುವಾರ ಬೆಳಿಗ್ಗೆ ಏಳಕ್ಕೆ ಕೋಚು ಫೋನು ಮಾಡಿ, ಆಯ್ಕೆ ಮಾಡುವವರು ಇವತ್ತೇ ಬಂದಿದ್ದಾರೆ, ಹನ್ನೊಂದಕ್ಕೆ ಟ್ರ್ಯಾಕಿನಲ್ಲಿರಬೇಕು ಎಂದರು. ಎಂಟರ ರೈಲಿಗೆ ಓಡಿದೆವು. ಆಮೇಲೆ ನಡೆದದ್ದಕ್ಕೆ ನೀನೂ ಸಾಕ್ಷಿ. ಆರನೆಯ ಸುತ್ತು, ತಿರುವಿನ ಮೇಲಿನ ಇಳಿಜಾರು, ಚೈನು ಹಾರಿತು, ಅವಳ ಕಾಲು ಒಂದು ಕ್ಷಣ ಗಾಳಿಯಲ್ಲಿ ಸುಮ್ಮನೆ ಗಿರಗಿರನೆ ತಿರುಗಿತು, ಅವಳಿಗಿಟ್ಟ ಹೆಸರಿನ ಹಾಗೆಯೇ. ಆಮೇಲೆ ಸಿಮೆಂಟಿನ ಮೇಲೆ ಜಾರಿ ಬಂದ ಸದ್ದು. ಅದನ್ನು ಬರೆಯಲಾರೆ.

ಕೋಚು ಹಿಂದಿನ ಚಕ್ರ ಎತ್ತಿ ಹಿಡಿದು, ಹಲ್ಲುಚಕ್ರದ ಹಿಂದೆ ಹೊಳೆಯುತ್ತಿದ್ದ ಹಿತ್ತಾಳೆಗೆ ಬೆರಳಿಟ್ಟರು. "ಇದನ್ನ ಕಡೆದೋರು ಯಾರು?" ನೀನು "ನಾನು" ಎಂದೆ. "ಟ್ರ್ಯಾಕ್ ಮೇಲೆ ಮನೇಲಿ ಮಾಡಿದ ಸಾಮಾನು ನಡೆಯಲ್ಲಮ್ಮ. ಬೀಗದ ಕೈ ಕೊಟ್ಟುಬಿಡಿ." ನೀನು ಕೊರಳಿನಿಂದ ದಾರ ತೆಗೆದು ಕೊಟ್ಟೆ. ನನ್ನಿಂದ ಮೂರು ಹೆಜ್ಜೆ ದೂರದಲ್ಲಿದ್ದೆ ನೀನು. ನಾನು ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ಆಂಬುಲೆನ್ಸಿನ ಕಡೆ ನಡೆದೆ, ಯಾರಿಗೂ ಅದನ್ನು ಮುಟ್ಟಲು ಬಿಡಲಿಲ್ಲ. ಗಾಬರಿಯಲ್ಲಿ ಏನು ಮಾಡುತ್ತಿದ್ದೇನೆ ಎಂದೇ ಗೊತ್ತಿರಲಿಲ್ಲ.

ಹೀಗೆ ನೋಡು, ನಿನ್ನದೂ ಸರಿ, ನನ್ನದೂ ಸರಿ, ಎರಡೂ ಸೇರಿ ತಪ್ಪು. ಒಂದು ಚೈನಿಗೆ ಎರಡು ಕೈ ಬಿದ್ದವು, ಒಂದು ಕೈಗೆ ಇನ್ನೊಂದು ಏನು ಮಾಡಿತೆಂದು ಗೊತ್ತಿರಲಿಲ್ಲ. ತಪ್ಪೆಂದು ಹಂಚಿದರೆ ನನ್ನ ಪಾಲಿಗೇ ಹೆಚ್ಚು ಬರುತ್ತದೆ, ಕೊನೆಯ ಕೈ ನನ್ನದು. ಇದನ್ನೆಲ್ಲ ಬರೆದು ಕೋಚಿಗೂ ಒಂದು ಪತ್ರ ಸಿದ್ಧ ಮಾಡಿದ್ದೇನೆ. ಬೀಗದ ಕೈ ನಿನಗೆ ವಾಪಸು ಸಿಗಬೇಕು, ಸಿಗುತ್ತದೆ. ಆ ಬಿಳಿ ಕೋಟನ್ನು ಔಷಧದ ಅಂಗಡಿಯವರಿಗೇ ಒಪ್ಪಿಸಿ ಬಾ.

ನಿನ್ನ ಕೈ ಚೆನ್ನಾಗಿರಲಿ. ಅದಕ್ಕೆ ಯಾವತ್ತೂ ಕೆಲಸ ಕಡಿಮೆಯಾಗದಿರಲಿ, ಉಗುರಿನಿಂದ ಗ್ರೀಸು ಪೂರ್ತಿ ಹೋಗದಿರಲಿ. ನಿನ್ನ ಮನೆಯವರಿಗೆ ನೆನಪು ಮಾಡಿದೆನೆಂದು ಹೇಳು.

ನಿನ್ನ
ಅಕ್ಕ

ಮರೆತಿದ್ದು:

ಮಂಗಳವಾರ, ಮಾರ್ಚ್ ೧೭

ಮರೆತಿರಲಿಲ್ಲ. ಮೇಲಿನದನ್ನು ಮಡಿಸಿ, ಲಕೋಟೆಗೆ ಅಂಟು ಕೂಡ ಹಚ್ಚಿದ್ದೆ. ಕೋಚಿನದನ್ನೂ. ಎರಡನ್ನೂ ನಿನ್ನೆ ಕೌಂಟರಿನ ಮೇಲೆ ಇಟ್ಟಿದ್ದೆ, ಮಧ್ಯಾಹ್ನ ಪೆಟ್ಟಿಗೆಗೆ ಹಾಕೋಣವೆಂದು. ಬುಗುರಿ ಅಂಗಡಿಗೆ ಬಂದಳು. ಬಿದ್ದ ಮೇಲೆ ಮೊದಲ ಸಲ ಹಿಂದಿನ ಕೋಣೆಗೆ ಹೋಗಿ ಸೈಕಲ್ಲಿನ ಮುಂದೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಕರೆದಳು.

"ಅಮ್ಮ, ಒಂದು ಲೆಕ್ಕ ಸರಿಹೋಗ್ತಿಲ್ಲ. ಉಂಗುರ ಹಾಕಿದ್ಮೇಲೆ ಗುರುವಾರ, ಶುಕ್ರವಾರ ನಾನು ಟ್ರ್ಯಾಕ್ ಮೇಲೆ ನೂರು ಸುತ್ತು ಹೊಡೆದೆ. ಒಂದು ಸದ್ದಿಲ್ಲ. ಭಾನುವಾರ ಬೆಳಿಗ್ಗೆ ಸ್ಟೇಷನ್ನಿಗೆ ಹೋಗುವಾಗ ಮತ್ತೆ ಕರ್ ಅಂತು. ನಾನು ಹೇಳ್ದೆ, ನೀನು 'ಓಡ್ತಾ ಸರಿಹೋಗುತ್ತೆ, ಶುಕ್ರವಾರ ತಗೊಂಡ್ ಬಾ' ಅಂದೆ. ಶುಕ್ರವಾರ ಬಂದದ್ದಕ್ಕೂ ಭಾನುವಾರಕ್ಕೂ ನಡುವೆ ಏನಾಯ್ತು?"

ಅವಳು ನನ್ನನ್ನು ಹಿಡಿಯಬೇಕೆಂದು ಕೇಳಲಿಲ್ಲ, ಚೂಟಿ. ಮೆಕ್ಯಾನಿಕ್ ಕೇಳುವ ಹಾಗೆ ಕೇಳಿದಳು. ನೀನು ಕೇಳುವ ಹಾಗೆ.

ನಿನಗೆ ಶನಿವಾರ ಬರೆದದ್ದನ್ನು ಈಗ ಸರಿಮಾಡುತ್ತೇನೆ. ನನ್ನ ಕಣ್ಣಿಗೆ ಏನೂ ಆಗಿಲ್ಲ. ಎರಡನೆಯ ಶನಿವಾರ ಐದು ಬೋಲ್ಟು ಸಡಿಲಿಸಿದೆನಲ್ಲ, ಐದು ವಾಷರನ್ನೂ ಆವತ್ತೇ ಕಂಡೆ. ಹಲ್ಲುಗಳ ಒಂದೇ ಮಗ್ಗುಲು ಸವೆದು ಹೊಳೆಯುತ್ತಿದ್ದದ್ದನ್ನೂ ಕಂಡೆ. ಇಪ್ಪತ್ತು ನಿಮಿಷದ ಕೆಲಸ. ಅದನ್ನು ಹಾಗೇ ಬಿಟ್ಟು ಬೋಲ್ಟು ಬಿಗಿದೆ. ಮೂರು ವಾರ ಒಂದು ಸದ್ದು ಹುಡುಕುತ್ತಾ ಕೂರುವಷ್ಟು ದಡ್ಡ ಮೆಕ್ಯಾನಿಕ್ ನಾನು ಎಂದು ನೀನು ನಂಬಿಬಿಟ್ಟರೆ ಎಂದು, ಇಷ್ಟೆಲ್ಲದರ ನಡುವೆಯೂ ಅದೊಂದು ಚಿಂತೆ ನನಗೆ. ಸದ್ದು ಇದ್ದರೆ ಅವಳು ಶುಕ್ರವಾರ ಬರುತ್ತಿದ್ದಳು. ಮೂರು ಶುಕ್ರವಾರ ಸಾಲಾಗಿ ಬಂದಳು. ಸ್ಟೂಲಿನ ಮೇಲೆ ಕೂತು ಹಣ್ಣು ತಿಂದಳು, ಸ್ಪ್ಯಾನರ್ ಎತ್ತಿಕೊಟ್ಟಳು. ಚೈನು, ಹಲ್ಲುಚಕ್ರ ಎಲ್ಲ ಬದಲಾಯಿಸಿದ್ದು ಕೈಗೆ ಕೆಲಸ ಇರಲಿ ಎಂದು ಅಷ್ಟೇ.

ನೀನು ದಾರ ಹಿಡಿದು ಆ ಸದ್ದನ್ನು ಕೊಂದೆ. ಆ ಶುಕ್ರವಾರದ ಊಟದಲ್ಲಿ ಅವಳು ಇನ್ನೊಂದು ಮಾತು ಹೇಳಿದಳು, ಮೇಲೆ ಬರೆದಿಲ್ಲ. "ಇನ್ಮೇಲೆ ಪ್ರತಿ ವಾರ ಬರಬೇಕಾಗಿಲ್ಲ ಅಮ್ಮ, ಸೈಕಲ್ ಸರಿಹೋಯ್ತಲ್ಲ. ಶನಿವಾರನೂ ಅಲ್ಲೇ ಪ್ರಾಕ್ಟೀಸ್ ಮಾಡ್ತೀನಿ." ಹಗುರವಾಗಿ ಹೇಳಿದಳು. ನಾನು "ಹಾಗೇ ಮಾಡು" ಎಂದೆ.

ಮರುದಿನ ಸ್ಟ್ಯಾಂಡಿಗೆ ಹಾಕಿದಾಗ ನಾನು ಮೊದಲು ನೋಡಿದ್ದೇ ನಿನ್ನ ಉಂಗುರವನ್ನು. ಎಣ್ಣೆ ಧೂಳು ಏನೂ ಇರಲಿಲ್ಲ, ನೀನು ಮುಟ್ಟಿದ ಗಾಡಿಯಲ್ಲಿ ಧೂಳು ಎಲ್ಲಿರುತ್ತದೆ. ಅಂಚನ್ನು ನೀನು ಒಳಗೂ ಹೊರಗೂ ನಯ ಮಾಡಿದ್ದೆ, ಯಾರ ಕಣ್ಣಿಗೂ ಬೀಳದ ಕಡೆ ಕೂಡ. ಬೆರಳಾಡಿಸಿ ನೋಡಿದೆ. ಅಂಥದ್ದನ್ನು ಮಾಡಲು ನನಗೆ ಬರುವುದಿಲ್ಲ. ಅದನ್ನು ತೆಗೆಯಲು ಮನಸ್ಸಾಗಲಿಲ್ಲ, ಅದಕ್ಕೇ ಮುಂದಿನ ಐದು ವಾಷರ್ ತೆಗೆದೆ. ನನಗೆ ಬೇಕಾಗಿದ್ದದ್ದು ಸದ್ದು ಮಾತ್ರ. ಸಣ್ಣದೊಂದು ಸದ್ದು, ಮುಂದಿನ ಶುಕ್ರವಾರ ಅವಳು ಹೊತ್ತು ತರುವಷ್ಟು.

ಭಾನುವಾರ ಫೋನು ಬಂದಾಗ ರೈಲಿಗೆ ಇನ್ನೂ ಒಂದು ಗಂಟೆ ಇತ್ತು. ಇಪ್ಪತ್ತು ನಿಮಿಷದ ಕೆಲಸ ಎಂದೆನಲ್ಲ. ವಾಷರ್ ಐದೂ ಏಪ್ರನ್ ಜೇಬಿನಲ್ಲೇ ಇದ್ದವು. ಹಾಕಲು ಕೂತರೆ, ನಿನ್ನೆ ತೆಗೆದದ್ದು ಯಾಕೆ ಎಂದು ಅವಳು ಕೇಳುತ್ತಾಳೆ. ಅದೊಂದು ಪ್ರಶ್ನೆ ತಪ್ಪಿಸಿಕೊಳ್ಳಲು ಬಟ್ಟೆ ಬದಲಾಯಿಸಿ, ಅವುಗಳನ್ನು ಈ ಜೇಬಿನಿಂದ ಆ ಜೇಬಿಗೆ ಹಾಕಿಕೊಂಡು ಹೊರಟೆ. ನೀನು ಕೊರಳಿನಿಂದ ಬೀಗದ ಕೈ ತೆಗೆಯುವಾಗ ನನ್ನ ಕೈ ಜೇಬಿನಲ್ಲಿ ಅವುಗಳ ಮೇಲೇ ಇತ್ತು. ಸೈಕಲ್ಲನ್ನು ಹೊತ್ತು ತಂದದ್ದು ಗಾಬರಿಯಲ್ಲಿ ಅಲ್ಲ. ಯಾರಾದರೂ ಮುಂದಿನ ಕಡೆಯನ್ನೂ ನೋಡಿಬಿಟ್ಟರೆ ಎಂದು.

ಇಷ್ಟನ್ನೂ ಬುಗುರಿಗೆ ಹೇಳಿದೆ. ಅವಳು ಪೆಡಲಿನ ಮೇಲೆ ಕೈಯಿಟ್ಟಳು.

"ಸದ್ದು ಮಾಡ್ಸೋಕಾ?"

"ಹೂಂ."

"ನಾನು ಬರ್ಲಿ ಅಂತಾನಾ?"

"ಹೂಂ."

"ಬಾ ಅಂತ ಕರೀಬಹುದಿತ್ತಲ್ಲಮ್ಮ."

ಇಷ್ಟು ವರ್ಷ ಬಾಯಿಯಿಂದಲೇ ಅಂಗಡಿ ನಡೆಸಿದವಳು ನಾನು. ಆ ಒಂದು ಮಾತು ಮಾತ್ರ ನನ್ನ ದಾಸ್ತಾನಿನಲ್ಲಿ ಇರಲೇ ಇಲ್ಲ ಎಂದು ಗೊತ್ತಾಯಿತು. ಅವಳು ಬಾಗಿಲ ಕಡೆ ಹೋಗಿ, ಅಲ್ಲೇ ನಿಂತು, ತಿರುಗದೆ ಹೇಳಿದಳು: "ಶುಕ್ರವಾರದ ರೈಲಿಗೆ ನಂಗೂ ಅಪ್ಪಂಗೂ ಟಿಕೆಟ್ ತಗೋ. ಈ ಪತ್ರ ಪೋಸ್ಟಿಗೆ ಹಾಕ್ಬೇಡ. ನಾನೇ ಕೊಡ್ತೀನಿ ಚಿಕ್ಕಮ್ಮಂಗೆ."

ಮತ್ತೆ ಯಾವಾಗ ಬರುತ್ತಾಳೆ ಎಂದು ಕೇಳಲಿಲ್ಲ.

ಕೋಚಿಗೆ ಬರೆದದ್ದನ್ನು ಹರಿದು ಹಾಕಿ, ನಡೆದದ್ದನ್ನು ಇದ್ದ ಹಾಗೇ ಬರೆದು ಇವತ್ತು ಬೆಳಿಗ್ಗೆ ನಾನೇ ಪೆಟ್ಟಿಗೆಗೆ ಹಾಕಿದೆ. ನಿನಗೆ ಬರೆದದ್ದನ್ನು ಹರಿಯಲಿಲ್ಲ. ಶನಿವಾರದ ಅಕ್ಕ ಹೇಗೆ ಲೆಕ್ಕ ತಿದ್ದುತ್ತಾಳೆ ಎಂದು ನೀನೂ ನೋಡಿರು. ನಿನ್ನ ಭಾವ ಸೈಕಲ್ಲನ್ನು ಹೊತ್ತು ತರುತ್ತಾರೆ. ಐದು ವಾಷರ್ ಇದ್ದ ಜಾಗಕ್ಕೆ ಹಾಕಿದ್ದೇನೆ, ನಿನ್ನ ಉಂಗುರ ನೀನು ಇಟ್ಟ ಜಾಗದಲ್ಲೇ ಇದೆ. ದಾರ ಹಿಡಿದು ನೋಡು. ತಿರುಗಿಸಿದರೆ ಏನೂ ಕೇಳಿಸುವುದಿಲ್ಲ.

ಖರ್ಚು ಮೇಲೆ ಬರೆದಿದ್ದೇನೆ. ಯಾರಿಗೆ ಏನು ದಕ್ಕಿತು ಎಂಬುದು ಬಾಕಿ ಇತ್ತು.

ಆವತ್ತು ಎರಡನೆಯವಳಾಗಿ ಮುಗಿಸಿದ ಹುಡುಗಿಗೆ, ತಂಡದಲ್ಲಿ ಒಂದು ಜಾಗ.

ನಿನ್ನ ಭಾವನಿಗೆ, ಬೆಳಗಿನ ಪಾಳಿ.

ಬುಗುರಿಗೆ, ಎರಡು ಮಿಲಿಮೀಟರ್ ಓರೆಯಾಗಿ ಕೂಡಿದ ಒಂದು ಮೂಳೆ, ಮತ್ತು ಸದ್ದಿಲ್ಲದ ಸೈಕಲ್.

ನಿನಗೆ, ನಿನ್ನ ಕೈ. ಅದು ಯಾವತ್ತೂ ತಪ್ಪಿರಲಿಲ್ಲ.

ನನಗೆ, ಅವಳು ಮನೆಯಲ್ಲೇ ಇದ್ದ ಐದು ಶುಕ್ರವಾರ.